ಒಂದು ಬಗೆಯ ಮರ

ಕನ್ನಡ ಪಂಡಿತರಿಗೆ ಒಂದು ಅನುಕೂಲವಿದೆ. ಕಾವ್ಯದಲ್ಲಿ ವನವರ್ಣನೆ ಬಂದಾಗ ಕವಿ ಹತ್ತಾರು ಮರಗಳ ಹೆಸರನ್ನು ಸಾಲಾಗಿ ಪೋಣಿಸಿರುತ್ತಾನೆ. ಹುಡುಗರು ಅರ್ಥ ಕೇಳಿದರೆ, ‘ಧವ ಎಂದರೆ ಒಂದು ಬಗೆಯ ಮರ, ಅಸನ ಎಂದರೆ ಇನ್ನೊಂದು ಬಗೆಯ ಮರ’ ಎಂದು ಹೇಳಿ ಮುಂದಿನ ಪದ್ಯಕ್ಕೆ ನಡೆದುಬಿಡಬಹುದು. ನಿಘಂಟುಗಳೂ ಎಷ್ಟೋ ಕಡೆ ಹೀಗೆಯೇ ಹೇಳುವುದರಿಂದ ಆಕ್ಷೇಪಿಸುವವರಿಲ್ಲ. ಈ ಅನುಕೂಲವನ್ನು ನಾನು ಇಪ್ಪತ್ತೆಂಟು ವರ್ಷ ಅನುಭವಿಸಿದೆ. ಅದು ಕೈತಪ್ಪಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ.

ನಮ್ಮ ರಾಜ್ಯದ ಅರಣ್ಯ ಇಲಾಖೆಯವರು ‘ಚಿಣ್ಣರ ವನದರ್ಶನ’ವೆಂಬ ಕಾರ್ಯಕ್ರಮ ನಡೆಸುತ್ತಾರೆ. ಶಾಲೆಯ ಮಕ್ಕಳನ್ನು ಕಾಡಿಗೆ ಕರೆಸಿಕೊಂಡು, ಬಲ್ಲವರ ಜೊತೆಯಲ್ಲಿ ನಡೆಸಿ ತೋರಿಸುವ ಏರ್ಪಾಡು ಅದು. ಚಾಮರಾಜನಗರ ಜಿಲ್ಲೆಯ ಆ ಬೆಟ್ಟಸಾಲಿಗೆ ನಮ್ಮ ಶಾಲೆಯ ಮಕ್ಕಳು ಹೊರಟಾಗ ನಾನೂ ಹೋದೆ. ತಲೆ ಎಣಿಸುವುದಕ್ಕೆ ಹೋದೆನೆಂದರೂ ಸರಿಯೆ. 1974ರಲ್ಲಿ ಅಭಯಾರಣ್ಯವಾಗಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡು ಅದು. ಹುಲಿಯೇನೋ ನಮಗೆ ಕಾಣಲಿಲ್ಲ.

ದಾರಿ ತೋರಿಸಲು ಬಂದವರು ಸೋಲಿಗರ ಒಬ್ಬ ಹಿರಿಯರು. ಕೈಯಲ್ಲಿ ಒಂದು ಕೋಲು, ಅಷ್ಟೆ. ಮೊಸಳೆಯ ಬೆನ್ನಿನಂತೆ ತೊಗಟೆ ಸೀಳಿದ್ದು ಮತ್ತಿ. ಗಾಯವಾದರೆ ನೆತ್ತರಿನಂತಹ ಅಂಟು ಸುರಿಸುವುದು ಹೊನ್ನೆ. ಬೆಳ್ಳಗೆ, ನುಣುಪಾದ ತೊಗಟೆಯದು ದಿಂಡಿಗ. ‘ಗಾಡಿ ಅಚ್ಚಿಗೆ ಇದ್ರಂಥ ಮರ ಇಲ್ಲ ಮೇಷ್ಟ್ರೇ’ ಎಂದರು. ಆಗ ನೆನಪಾಯಿತು, ನಮ್ಮ ತಂದೆಯವರ ಗಾಡಿಯ ಅಚ್ಚೂ ದಿಂಡಿಗದ್ದೇ. ದಿಂಡಿಗವೇ ಸಂಸ್ಕೃತದ ಧವ, ಹೊನ್ನೆಯೇ ಅಸನ ಎಂದು ವೈದ್ಯಗ್ರಂಥದಲ್ಲಿ ಎಂದೋ ಓದಿದ್ದೆ. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಬಾಲ್ಯವೆಲ್ಲ ಧವದ ಮೇಲೆ ಕುಳಿತು ಸಂತೆಗೆ ಹೋದವನು, ದೊಡ್ಡವನಾಗಿ ‘ಒಂದು ಬಗೆಯ ಮರ’ ಎಂದು ಪಾಠ ಹೇಳಿಕೊಂಡು ಬಂದಿದ್ದೆ!

ಮುಂದೆ ಒಂದು ಕಡೆ ಅವರು ಸುಮ್ಮನೆ ನಿಂತುಬಿಟ್ಟರು. ಎದುರಿಗೆ ಆಳೆತ್ತರದ ಲಂಟಾನದ ಪೊದೆ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ತೋಟದ ಅಂದಕ್ಕೆಂದು 19ನೆಯ ಶತಮಾನದ ಆದಿಯಲ್ಲಿ ನಮ್ಮ ದೇಶಕ್ಕೆ ಬಂದ ಗಿಡ ಅದು. ‘ಇಲ್ಲಿ ನೆಲ್ಲಿ ಆಯ್ತಾ ಇದ್ದೊ. ನಮ್ಮಪ್ಪನ ಕಾಲ್ದಲ್ಲಿ ಬೇಸ್ಗೆ ಸುರುವಿಗೆ ತರಗು ಬೆಂಕಿ ಕೊಡೋರು. ತರಗು ಸುಡೋದು, ಮರ ಸುಡ್ತಿರಲಿಲ್ಲ. ಅದು ನಿಂತ್ಮೇಲೆ ಇದು ಬಂತು’ ಎಂದರು. ಕಾಡಿಗೆ ಬೆಂಕಿ ಇಡುವುದು ಕಾನೂನಿಗೆ ವಿರುದ್ಧ. ಲಂಟಾನ ಇಷ್ಟು ಬೆಳೆದಿರುವಾಗ ಬೆಂಕಿ ಬಿದ್ದರೆ ಅದು ತರಗಿನ ಬೆಂಕಿಯಾಗಿ ಉಳಿಯುವುದೂ ಇಲ್ಲ. ಆದರೆ ಆ ಮಾತನ್ನು ಹಳಬರ ಹರಟೆಯೆಂದು ತಳ್ಳಲಾಗದು. ಸೋಲಿಗರು ಹೇಳುವ ಈ ಕಾರಣವನ್ನು ವಿಜ್ಞಾನಿಗಳೂ ಪರಿಶೀಲಿಸಿದ್ದಾರೆ. 2011ರಲ್ಲಿ ಸೋಲಿಗರ ಸಮುದಾಯಕ್ಕೆ ಈ ಕಾಡಿನ ಮೇಲಿನ ಹಕ್ಕುಪತ್ರಗಳೂ ದೊರೆತವು.

ದೊಡ್ಡ ಸಂಪಿಗೆಯ ಬಳಿ ಚಪ್ಪಲಿ ಬಿಡಿಸಿದರು. ಸೋಲಿಗರಿಗೆ ಅದು ಮರವಲ್ಲ, ದೇವರು. ಬುಡದಲ್ಲಿ ಲಿಂಗಾಕಾರದ ಕಲ್ಲುಗಳಿವೆ. ಬಸ್ಸಿನಲ್ಲಿ ಕಿವಿ ಕಿತ್ತುಹೋಗುವಂತೆ ಹಾಡುತ್ತಿದ್ದ ಹುಡುಗರು ಅಲ್ಲಿ ತಾವಾಗಿಯೇ ಸುಮ್ಮನಾದರು. ನಾನು ಹೇಳಿದ್ದರೆ ಆಗುತ್ತಿರಲಿಲ್ಲ.

ಊರಿಗೆ ಬಂದ ಮರುವಾರ ತರಗತಿಯಲ್ಲಿ ಮತ್ತೆ ಒಂದು ವನವರ್ಣನೆ ಬಂತು. ಬೆಟ್ಟದಲ್ಲಿ ಪುಸ್ತಕದ ತುಂಬ ಹೆಸರು ಬರೆದುಕೊಂಡ ಹುಡುಗಿಯೊಬ್ಬಳು ಎದ್ದು, ‘ಸಾರ್, ಈ ಮರ ಆ ತಾತ ತೋರಿಸಿದ್ರಾ?’ ಎಂದಳು. ಯಾವ ಮರವೆಂದು ನನಗೆ ತಿಳಿಯದು. ‘ಇಲ್ಲಮ್ಮ, ಅವರನ್ನೇ ಕೇಳಬೇಕು’ ಎಂದೆ. ಪದ್ಯವನ್ನು ಅಲ್ಲಿಗೇ ನಿಲ್ಲಿಸಿದ್ದೇನೆ.