ಸ್ವರಕ್ಕೂ ಬೆಲೆಯಿದೆ



1975ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ‘ವ್ಹೀಲ್ ಆಫ್ ಫಾರ್ಚೂನ್’ ಶುರುವಾಯಿತು. ಚಕ್ರ ತಿರುಗಿಸಿ, ಒಂದೊಂದೇ ಅಕ್ಷರ ಊಹಿಸಿ, ಅಡಗಿಸಿದ ಪದ ಹೇಳಬೇಕು. ಮುಂದೆ ಅದು ನಿಂಟೆಂಡೋ ವಿಡಿಯೋ ಗೇಮ್ ಆಗಿಯೂ ಬಂತು. ರಜೆಯಲ್ಲಿ ಮನೆಯ ಮಕ್ಕಳೊಂದಿಗೆ ಕಂಪ್ಯೂಟರಿನಲ್ಲಿ ಆ ಆಟ ಆಡಿದೆ. ವ್ಯಂಜನ ಊಹಿಸಿದರೆ ಹಣ ಸಿಗುತ್ತದೆ. ಸ್ವರವನ್ನು ಮಾತ್ರ 250 ಡಾಲರ್ ಕೊಟ್ಟು ಕೊಳ್ಳಬೇಕು.

ಆಗ ನನಗೆ ಮೋಮಿನಪುರದ ನನ್ನ ತರಗತಿ ನೆನಪಾಯಿತು. ಉರ್ದುವಿನಲ್ಲಿ ಜೇರ್, ಜಬರ್, ಪೇಶ್ ಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಕಲ್’, ‘ಕುಲ್’ ಎರಡಕ್ಕೂ ಬರಹ ಒಂದೇ. ಸಂದರ್ಭ ನೋಡಿ ಓದುತ್ತೇವೆ. ಅದೇ ರೂಢಿಯಲ್ಲಿ ಮಕ್ಕಳು ಕನ್ನಡದ ‘ಹುಡುಗಿ’ಯನ್ನು ‘ಹಡಗ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಇದು ದಡ್ಡತನವಲ್ಲ, ಲಿಪಿಯ ಅಭ್ಯಾಸ.

ಶಾಲೆ ತೆರೆದ ಮೇಲೆ ಕಪ್ಪುಹಲಗೆಯಲ್ಲಿ ‘ಕ ಲ ಬ ರ ಗ’ ಎಂದು ಬರೆದೆ. ಒಂದು ಗುಣಿತಕ್ಕೆ ಒಂದು ಹುಣಸೆಬೀಜ ಬೆಲೆ. ಬೀಜ ಉಳಿಸಲೆಂದು ಮಕ್ಕಳು ಪದವನ್ನು ಬಾಯಲ್ಲಿ ಹತ್ತು ಸಲ ಹೇಳಿ ನೋಡಿದರು. ಎರಡೇ ಬೀಜಕ್ಕೆ ನಮ್ಮೂರ ಹೆಸರು ಸರಿಯಾಗಿ ಬಂತು: ಕಲಬುರಗಿ.

ಪಾಲಕರೇ, ಮಕ್ಕಳು ಆಟ ಆಡಿದರೆ ಕೂಡಲೇ ಗದರಬೇಡಿ. ಯಾವ ಆಟವೆಂದು ಕೇಳಿ, ಸ್ವಲ್ಪ ಹೊತ್ತು ಜೊತೆಗೆ ಕುಳಿತುಕೊಳ್ಳಿ.