ಉಸಿರಾಟದ ಯಂತ್ರದೊಡನೆ ಮೊದಲ ರಾತ್ರಿಗಳು



ನಮ್ಮ ಮಾಧವರಂನಲ್ಲಿ ಲಾರಿ ನಿಲ್ದಾಣವಿದೆ. ಆಂಧ್ರದ ಕಡೆಯ ಬಸ್ಸುಗಳಿಗೂ 2018ರಲ್ಲಿ ಇಲ್ಲಿ ನಿಲ್ದಾಣವಾಯಿತು. ಇರುಳಿಡೀ ವಾಹನ ನಡೆಸುವವರ ನಡುವೆ ಗೊರಕೆಯನ್ನು ನಗೆಯ ವಿಷಯವೆಂದು ಬಿಡುವಂತಿಲ್ಲ. ನಿದ್ರೆಯಲ್ಲಿ ಗಂಟಲಿನ ಹಾದಿ ಮುಚ್ಚಿಕೊಂಡು 10 ಸೆಕೆಂಡಿಗೂ ಹೆಚ್ಚು ಕಾಲ ಉಸಿರು ಮತ್ತೆ ಮತ್ತೆ ನಿಲ್ಲುವ ರೋಗವೇ ಸ್ಲೀಪ್ ಆಪ್ನಿಯಾ. ಇಂತಹವರು ಚಾಲಕನ ಆಸನದಲ್ಲೇ ತೂಕಡಿಸಬಹುದು.

ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಉಪಾಯ ಸರಳವಾದುದು: ಮುಖವಾಡದ ಮೂಲಕ ಗಾಳಿಯನ್ನು ಸತತ ಒತ್ತಡದಲ್ಲಿ ಕಳುಹಿಸಿ ಆ ಹಾದಿಯನ್ನು ತೆರೆದಿಡುವುದು. ಸಿಪ್ಯಾಪ್ ಯಂತ್ರದ ಕೆಲಸ ಇಷ್ಟೇ. ಅದರಲ್ಲಿ ಬರುವುದು ಕೋಣೆಯ ಗಾಳಿ, ಆಮ್ಲಜನಕದ ಸಿಲಿಂಡರಿನದಲ್ಲ.

ಕೆಲವರು ಮೊದಲ ವಾರದಲ್ಲೇ ಬೇಸತ್ತು ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆ. ಅನೇಕ ವೇಳೆ ತೊಂದರೆಯಿರುವುದು ಮುಖವಾಡದಲ್ಲಿ. ಎಚ್ಚರವಿರುವಾಗಲೇ ಅದನ್ನು ಧರಿಸಿ, ರೇಡಿಯೋ ಕೇಳುತ್ತ ಸ್ವಲ್ಪ ಹೊತ್ತು ಕುಳಿತು ಅಭ್ಯಾಸ ಮಾಡಿಕೊಳ್ಳಿ. ಗಾಳಿ ಸೋರಿದರೆ ಪಟ್ಟಿಯನ್ನು ಬಿಗಿದು ಮೂಗಿನ ಮೇಲೆ ಹುಣ್ಣು ಮಾಡಿಕೊಳ್ಳಬೇಡಿ. ಯಂತ್ರ ನಡೆಯುತ್ತಿರುವಾಗ, ಮಲಗಿಕೊಂಡೇ ಸರಿಪಡಿಸಿ. ಅಳತೆ ಹೊಂದದಿದ್ದರೆ ಬೇರೆಯದನ್ನು ಕೇಳಿ ಪಡೆಯಿರಿ. ಬಾಯಿ ತೆರೆದು ನಿದ್ರಿಸುವವರಿಗೆ ಮೂಗು, ಬಾಯಿ ಎರಡನ್ನೂ ಮುಚ್ಚುವ ಮುಖವಾಡ ಬೇಕಾದೀತು. ಒತ್ತಡದ ಪ್ರಮಾಣವನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸತಕ್ಕದ್ದಲ್ಲ. ವಿದ್ಯುತ್ ನಿಂತರೆ ಮುಖವಾಡವನ್ನು ತೆಗೆದುಬಿಡಿ. ತೇವಕ್ಕಾಗಿ ನೀರಿನ ತೊಟ್ಟಿಯಿದ್ದರೆ ಬಟ್ಟಿ ಇಳಿಸಿದ ನೀರನ್ನೇ ದಿನವೂ ಹೊಸದಾಗಿ ತುಂಬಿ.

ರಾತ್ರಿ ದುಡಿದು ಹಗಲು ಮಲಗುವವರು ಹಗಲಿನ ನಿದ್ರೆಯಲ್ಲೂ ಯಂತ್ರವನ್ನು ಬಳಸಬೇಕು. ತೂಕಡಿಕೆ ನಿಂತು ವೈದ್ಯರು ಒಪ್ಪುವವರೆಗೆ ವಾಹನ ನಡೆಸಬಾರದು. ಇದು ಸಂಬಳಕ್ಕೆ ತಟ್ಟುವ ಮಾತೆಂಬುದನ್ನು ಬಲ್ಲೆ, ಆದರೂ ಹೇಳಲೇಬೇಕಾಗಿದೆ. ಮರುಭೇಟಿಗೆ ಯಂತ್ರವನ್ನೂ ಒಯ್ಯಿರಿ. ಎಷ್ಟು ಗಂಟೆ ಬಳಸಿದಿರಿ ಎಂಬುದು ಇಂದಿನ ಬಹುತೇಕ ಯಂತ್ರಗಳಲ್ಲಿ ದಾಖಲಾಗಿರುತ್ತದೆ.