ತಪ್ಪು ಉಚ್ಚಾರಣೆಯನ್ನೇ ಓಕೆ ಮಾಡಿದ ಸಿನಿಮಾ

ಇವತ್ತು ತೆರೆ ಹಿಂದಿನ ಕಥೆ ಹೇಳ್ತಿರೋದು 1995ರ ಹಾಲಿವುಡ್ ಟೀನ್ ಕಾಮಿಡಿ ‘ಕ್ಲೂಲೆಸ್’ ಬಗ್ಗೆ. ಬೆವರ್ಲಿ ಹಿಲ್ಸ್‌ನ ಶ್ರೀಮಂತರ ಮನೆ ಹುಡುಗಿ ಚೆರ್, ಅವಳ ಹಳದಿ ಚೌಕಳಿ ಕೋಟು, ಸ್ಕರ್ಟು. ರೀಲ್ಸ್‌ನಲ್ಲಾದ್ರೂ ನೋಡಿರ್ತೀರಿ.

ಮೊದಲು ಒಂದಿಷ್ಟು ಮಜಾ ವಿಷಯ. ಈ ಕಥೆಯ ಮೂಲ 1815ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಕಾದಂಬರಿ ‘ಎಮ್ಮಾ’. ಅದೇ ಕಾದಂಬರಿ 2010ರಲ್ಲಿ ಸೋನಂ ಕಪೂರ್ ನಟನೆಯ ‘ಆಯಿಷಾ’ ಆಗಿ ದೆಹಲಿಗೂ ಬಂತು. ಚೆರ್‌ಳ ಗೆಳತಿಯಾಗಿ ನಟಿಸಿದ ಸ್ಟೇಸಿ ಡ್ಯಾಶ್ ಹುಟ್ಟಿದ್ದು 1967ರಲ್ಲಿ. ಅಂದ್ರೆ, ಹೈಸ್ಕೂಲ್ ಹುಡುಗಿಯ ಪಾತ್ರ ಮಾಡುವಾಗ ವಯಸ್ಸು 28ರ ಆಸುಪಾಸು! ಇನ್ನು ನಿರ್ದೇಶಕಿ ಏಮಿ ಹೆಕರ್ಲಿಂಗ್, ಬೆವರ್ಲಿ ಹಿಲ್ಸ್ ಹೈಸ್ಕೂಲಿನ ಕ್ಲಾಸುಗಳಲ್ಲಿ ಕೂತು ಮಕ್ಕಳು ಹೇಗಿರ್ತಾರೆ, ಹೇಗೆ ಮಾತಾಡ್ತಾರೆ ಅಂತ ಗಮನಿಸಿದ್ರು.

ಆದ್ರೆ ನಂಗೆ ತುಂಬಾ ಇಷ್ಟವಾದ ಕಥೆ ಬೇರೆ. ನಿರಾಶ್ರಿತರಿಗೆ ಅಮೆರಿಕ ಜಾಗ ಕೊಡಬೇಕಾ ಅಂತ ಕ್ಲಾಸಿನಲ್ಲಿ ಚರ್ಚೆ. ಚೆರ್ ಎದ್ದು ನಿಂತು, ಅಪ್ಪನ ಹುಟ್ಟುಹಬ್ಬದ ಪಾರ್ಟಿಗೆ ಹೇಳದೇ ಬಂದ ಅತಿಥಿಗಳ ಉದಾಹರಣೆ ಕೊಡ್ತಾಳೆ. ಅಲ್ಲಿ ಹೈಟಿ ದೇಶದ ಜನರಿಗೆ ‘ಹೇಷನ್ಸ್’ ಅನ್ನಬೇಕು. ಆಗ 18 ವರ್ಷದವರಾಗಿದ್ದ ನಟಿ ಅಲಿಸಿಯಾ ಸಿಲ್ವರ್‌ಸ್ಟೋನ್ ‘ಹೇಟಿಯನ್ಸ್’ ಅಂದುಬಿಟ್ರು. ಬೇಕಂತಲ್ಲ, ನಿಜವಾಗ್ಲೂ ತಪ್ಪಿದ್ದು. ಸೆಟ್‌ನಲ್ಲಿದ್ದವರು ತಿದ್ದೋಕೆ ಹೊರಟಾಗ ಹೆಕರ್ಲಿಂಗ್ ತಡೆದ್ರು. ಅಷ್ಟು ಧೈರ್ಯವಾಗಿ ತಪ್ಪು ಹೇಳೋದೇ ಚೆರ್‌ಗೆ ಸರಿಹೊಂದುತ್ತೆ ಅನ್ನೋದು ಅವರ ಲೆಕ್ಕ. ತಿದ್ದಿದ್ರೆ ಮುಂದಿನ ಟೇಕ್‌ನಲ್ಲಿ ಪದ ಸರಿಯಾಗ್ತಿತ್ತು, ಆ ಧೈರ್ಯ ಹೋಗ್ತಿತ್ತು.

ಇದನ್ನ ಓದಿದಾಗ ನಂಗೆ ನೆನಪಾಗಿದ್ದು ನನ್ನ ಫಸ್ಟ್ ಪಿಯುಸಿ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಕಾಮರ್ಸ್ ಸೆಮಿನಾರ್‌ನಲ್ಲಿ ‘ಡೆಟ್’ ಅನ್ನೋ ಬದಲು, ಸ್ಪೆಲಿಂಗ್‌ನಲ್ಲಿ ಇದೆಯಲ್ಲಾ ಅಂತ ‘ಬ’ ಸೇರಿಸಿ ‘ಡೆಬ್ಟ್’ ಅಂದೆ. ಇಡೀ ಕ್ಲಾಸ್ ನಕ್ಕಿತು. ಲೆಕ್ಚರರ್ ಕೂಡ ನಕ್ಕರು. ಆ ವರ್ಷವೆಲ್ಲಾ ನಾನು ಮತ್ತೆ ಕೈ ಎತ್ತಲಿಲ್ಲ. ಉತ್ತರ ಗೊತ್ತಿದ್ದಾಗ್ಲೂ.

ಸರಿಯಾದ ಉಚ್ಚಾರಣೆ ಕಲೀಬೇಕು ನಿಜ, ನಾನೂ ಆಮೇಲೆ ಕಲಿತೆ. ಆದ್ರೆ ಮಾತು ಮುಗಿಯೋವರೆಗೂ ಕಾಯೋಕೆ ಒಬ್ಬರಾದ್ರೂ ಬೇಕು. ನಿಮ್ಮ ಪಕ್ಕದ ಬೆಂಚಿನವರು ನಾಳೆ ಹೀಗೇ ತಪ್ಪಿದ್ರೆ, ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಮೆಲ್ಲಗೆ ಹೇಳಿ.

ನಿಮ್ಮದೂ ಒಂದು ‘ಡೆಬ್ಟ್’ ಕಥೆ ಇದ್ಯಾ? ವಾಯ್ಸ್ ಮೆಸೇಜ್ ಕಳಿಸಿ. ನಾನು ತಿದ್ದಲ್ಲ, ಪ್ರಾಮಿಸ್!